ನಗೆಯ ಲಯವೂ ಪ್ರಸಾರದ ಕತ್ತರಿಯೂ

ಹಾಸ್ಯವನ್ನು ನಮ್ಮ ಪೂರ್ವಿಕರು ಹಗುರವಾದ ವಸ್ತುವೆಂದು ಎಣಿಸಲಿಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಂಟು ರಸಗಳನ್ನು ಹೇಳುವಾಗ ಶೃಂಗಾರದ ಬೆನ್ನಿಗೇ ಹಾಸ್ಯವನ್ನು ಇರಿಸಿದ್ದಾನೆ. ವೇಷ, ಮಾತು, ನಡೆಗಳು ಲೋಕದ ರೂಢಿಯಿಂದ ಓರೆಯಾದಾಗ ನಗೆ ಹುಟ್ಟುವುದೆಂಬುದು ಆತನ ಮತ. ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ನಗೆಯನ್ನು ಆರಾಗಿ ವಿಂಗಡಿಸಿ, ಮೊದಲಿನ ಎರಡನ್ನು ಉತ್ತಮರಿಗೂ, ನಡುವಿನ ಎರಡನ್ನು ಮಧ್ಯಮರಿಗೂ, ಕೊನೆಯ ಎರಡನ್ನು ಅಧಮರಿಗೂ ಸಲ್ಲಿಸಿದ್ದಾನೆ. ಯಾವ ನಗೆ ಯಾರಿಗೆ ತಕ್ಕುದು ಎಂಬ ಪ್ರಶ್ನೆ ಅಷ್ಟು ಹಳೆಯದು.

ಇಂದು ಆ ಪ್ರಶ್ನೆ ನಮ್ಮ ಮನೆಗಳ ನಡುಮನೆಯಲ್ಲಿಯೇ ಎದ್ದಿದೆ. ಮಕ್ಕಳು ಸಾಯಂಕಾಲ ಪಾಠಶಾಲೆಯಿಂದ ಬಂದೊಡನೆ ಟಿ.ವಿ. ಪೆಟ್ಟಿಗೆಯ ಮುಂದೆ ಕುಳಿತು ನೋಡುವ ಚಿತ್ರಗಳಲ್ಲಿ ಜಪಾನಿನಿಂದ ಬಂದವು ಅನೇಕ. ‘ಅನಿಮೆ’ ಎಂದು ಅವುಗಳಿಗೆ ಹೆಸರು. ಕೈಯಿಂದ ಅಥವಾ ಗಣಕಯಂತ್ರದಿಂದ ಬರೆದ ಚಿತ್ರಗಳನ್ನು ಚಲಿಸುವಂತೆ ಮಾಡಿದ ಕಥೆಗಳು ಇವು. ಇವುಗಳನ್ನು ಪ್ರಸಾರ ಮಾಡುವವರು ಅಲ್ಲಲ್ಲಿ ಕತ್ತರಿಸಿ, ಮುಚ್ಚಿ, ಮಾತು ಬದಲಿಸಿ ತೋರಿಸುತ್ತಾರೆ. ಹಾಗೆ ಮಾಡುವುದರಿಂದ ಹಾಸ್ಯಕ್ಕೆ ಏನಾಗುತ್ತದೆ, ಕಥೆಯ ನಡೆಗೆ ಏನಾಗುತ್ತದೆ, ಕೊನೆಯಲ್ಲಿ ನೋಡುವ ಮಗುವಿಗೆ ಏನು ದೊರೆಯುತ್ತದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಪೋಷಕರ ಸಭೆಗಳಲ್ಲಿ ಈ ವಿಷಯವಾಗಿ ಕೇಳಿಬರುವ ದೂರುಗಳು ಸಣ್ಣವಲ್ಲವಾದಕಾರಣ, ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಪರಿಶೀಲಿಸಬೇಕಾಗಿದೆ.

೧. ಮನೆಗೆ ಬಂದ ಜಪಾನಿನ ಬಾಲಕ

ದೂರುಗಳಲ್ಲಿ ಮುಖ್ಯವಾಗಿ ಕೇಳುವ ಹೆಸರು ‘ಶಿನ್-ಚಾನ್’ ಎಂಬ ಐದು ವರ್ಷದ ಹುಡುಗನದು. ಯೋಶಿತೊ ಉಸುಯಿ ಎಂಬ ಚಿತ್ರಕಾರರು ೧೯೯೦ರಲ್ಲಿ ‘ಕ್ರೇಯಾನ್ ಶಿನ್-ಚಾನ್’ ಎಂಬ ಚಿತ್ರಕಥೆಯನ್ನು ಜಪಾನಿನ ಒಂದು ವಾರಪತ್ರಿಕೆಯಲ್ಲಿ ಬರೆಯಲಾರಂಭಿಸಿದರು. ವಾಚಕರು ಗಮನಿಸಬೇಕಾದುದೇನೆಂದರೆ, ಆ ಪತ್ರಿಕೆ ಮಕ್ಕಳದಲ್ಲ, ದೊಡ್ಡವರು ಓದತಕ್ಕದ್ದು. ಮಕ್ಕಳ ಮುಗ್ಧ ಮಾತಿನಿಂದ ದೊಡ್ಡವರ ಡಂಭ ಬಯಲಾಗುವುದನ್ನು ಕಂಡು ದೊಡ್ಡವರೇ ನಗಲೆಂದು ಬರೆದ ಕಥೆ ಅದು. ೧೯೯೨ರ ಏಪ್ರಿಲ್ ತಿಂಗಳಲ್ಲಿ ಟಿ.ವಿ. ಅಸಾಹಿ ಎಂಬ ಸಂಸ್ಥೆ ಅದನ್ನು ಚಲಿಸುವ ಚಿತ್ರವನ್ನಾಗಿ ಪ್ರಸಾರ ಮಾಡಿತು. ಆಗ ಮನೆಮಂದಿಯೆಲ್ಲ ಕುಳಿತು ನೋಡುವಂತಾಯಿತು, ಮಕ್ಕಳೂ ನೋಡಿದರು. ಜಪಾನಿನ ತಾಯಿತಂದೆಗಳೇ ಮೊದಲು ಗೊಣಗಿದವರು. ಅಲ್ಲಿಯ ಪೋಷಕ-ಶಿಕ್ಷಕ ಸಂಘಗಳ ಸಮೀಕ್ಷೆಗಳಲ್ಲಿ, ಮಕ್ಕಳಿಗೆ ತೋರಿಸಲು ಇಷ್ಟವಿಲ್ಲದ ಕಾರ್ಯಕ್ರಮಗಳ ಸಾಲಿನಲ್ಲಿ ಇದರ ಹೆಸರು ವರ್ಷವರ್ಷವೂ ಬರುತ್ತಿತ್ತು.

ಭಾರತದಲ್ಲಿ ಇದು ೨೦೦೬ರಲ್ಲಿ ಹಂಗಾಮಾ ವಾಹಿನಿಯ ಮೂಲಕ ಕಾಲಿರಿಸಿತು; ಹಿಂದಿಯಲ್ಲಿಯೂ, ತಮಿಳು ತೆಲುಗುಗಳಲ್ಲಿಯೂ ಮಾತು ಕಲಿತಿತು. ಅದೇ ೨೦೦೬ರಲ್ಲಿ ಅಮೆರಿಕದಲ್ಲಿ ಇದನ್ನು ದೊಡ್ಡವರಿಗೆಂದೇ ಮೀಸಲಾದ ರಾತ್ರಿಯ ಪ್ರಸಾರದಲ್ಲಿ, ಇನ್ನಷ್ಟು ಖಾರ ಬೆರೆಸಿ ತೋರಿಸಿದರು. ಒಂದೇ ಮೂಲ; ಅಲ್ಲಿ ವಯಸ್ಕರ ರಾತ್ರಿ, ಇಲ್ಲಿ ಮಕ್ಕಳ ಸಾಯಂಕಾಲ. ದೊಡ್ಡವರ ಅಂಗಿಯನ್ನು ಮಗುವಿಗೆ ತೊಡಿಸಬೇಕಾದರೆ ತೋಳು ಕತ್ತರಿಸಲೇಬೇಕಾಗುವುದು. ಕತ್ತರಿಯ ಕಥೆ ಆರಂಭವಾಗುವುದು ಇಲ್ಲಿಂದ.

ತೇನಿ, ಬೋಡಿನಾಯಕ್ಕನೂರು, ಕಂಬಂ ಕಣಿವೆಯ ಊರುಗಳು, ದಿಂಡಿಗಲ್ಲಿನ ಸುತ್ತಮುತ್ತ ಮನೆಯೊಳಗೆ ಕನ್ನಡವನ್ನಾಡುವ ಕುಟುಂಬಗಳಿಗೆ ಈ ವಿಷಯದಲ್ಲಿ ಇನ್ನೊಂದು ತೊಡಕೂ ಇದೆ. ನಮ್ಮ ಮಕ್ಕಳಿಗೆ ಮನೆಯ ಮಾತು ಕನ್ನಡ, ಬೀದಿಯ ಮಾತು ತಮಿಳು, ಟಿ.ವಿ.ಯ ನಗೆಯೂ ತಮಿಳೇ. ಮಗು ಒಂದು ಭಾಷೆಯಲ್ಲಿ ನಗಲು ಕಲಿತರೆ ಆ ಭಾಷೆಯಲ್ಲಿಯೇ ಎದುರಾಡಲೂ ಕಲಿಯುತ್ತದೆ. ಆದುದರಿಂದ ಆ ಪೆಟ್ಟಿಗೆಯೊಳಗೆ ಏನನ್ನು ಇಟ್ಟರು, ಏನನ್ನು ತೆಗೆದರು ಎಂಬುದು ನಮಗೆ ಸಂಬಂಧವಿಲ್ಲದ ಮಾತಲ್ಲ.

೨. ನಗೆಯ ಕಾಲಮಾನ

ಹಾಸ್ಯಕ್ಕೆ ನಾಲ್ಕು ಅಂಗಗಳುಂಟು. ಮೊದಲನೆಯದು ಪೀಠಿಕೆ, ಎರಡನೆಯದು ತಡೆ, ಎಂದರೆ ಕ್ಷಣಕಾಲದ ಮೌನ, ಮೂರನೆಯದು ಪೆಟ್ಟು, ನಾಲ್ಕನೆಯದು ಪೆಟ್ಟು ತಿಂದವನ ಮುಖ. ಜನರು ನಗುವುದು ಸಾಮಾನ್ಯವಾಗಿ ಪೆಟ್ಟಿಗಲ್ಲ, ಅದರ ನಂತರದ ಮುಖಕ್ಕೆ. ಈ ನಾಲ್ಕರ ನಡುವಿನ ಅಂತರವೇ ಹಾಸ್ಯದ ಲಯ. ಯಕ್ಷಗಾನದ ಹಾಸ್ಯಗಾರನು ಭಾಗವತನ ಪ್ರಶ್ನೆಗೆ ಕೂಡಲೇ ಉತ್ತರ ಹೇಳುವುದಿಲ್ಲ. ಒಂದು ಸುತ್ತು ತಿರುಗಿ, ಸಭೆಯ ಕಡೆ ನೋಡಿ, ಬಳಿಕ ಹೇಳುತ್ತಾನೆ. ಆ ಸುತ್ತನ್ನು ತೆಗೆದುಹಾಕಿದರೆ ಮಾತು ಉಳಿಯುತ್ತದೆ, ನಗೆ ಉಳಿಯುವುದಿಲ್ಲ.

ನಮ್ಮ ಭಾಗದವರಿಗೆ ಚೆನ್ನಾಗಿ ತಿಳಿದ ಇನ್ನೊಂದು ನಿದರ್ಶನವನ್ನು ಕೊಡಬಹುದು. ೧೯೮೯ರಲ್ಲಿ ತೆರೆಗೆ ಬಂದ ‘ಕರಗಾಟ್ಟಕಾರನ್’ ಎಂಬ ತಮಿಳು ಚಿತ್ರವನ್ನು ನಿರ್ದೇಶಿಸಿದವರು ನಮ್ಮ ತೇನಿ ಜಿಲ್ಲೆಯ ಪಣ್ಣೈಪುರದ ಗಂಗೈ ಅಮರನ್ ಅವರು. ಅದರಲ್ಲಿ ಗೌಂಡಮಣಿ ಮತ್ತು ಸೆಂದಿಲ್ ಅವರ ಬಾಳೆಹಣ್ಣಿನ ಪ್ರಸಂಗವನ್ನು ಕೇಳದವರು ವಿರಳ. ಎರಡು ಹಣ್ಣಿಗೆ ಕಾಸು ಕೊಟ್ಟು ಕಳುಹಿಸಿದರೆ ಶಿಷ್ಯನು ಒಂದನ್ನು ತಾನು ತಿಂದು ಒಂದನ್ನು ತರುತ್ತಾನೆ. ಇನ್ನೊಂದೆಲ್ಲಿ ಎಂದು ಕೇಳಿದರೆ, ಕೈಯಲ್ಲಿರುವುದೇ ಆ ಇನ್ನೊಂದು ಎನ್ನುತ್ತಾನೆ. ಇದರಲ್ಲಿ ಕಥೆಯ ದೃಷ್ಟಿಯಿಂದ ನೋಡಿದರೆ ಒಂದೇ ಪ್ರಶ್ನೆ, ಒಂದೇ ಉತ್ತರ. ಆದರೆ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಉತ್ತರವೂ ಮತ್ತೆ ಮತ್ತೆ ಬರುತ್ತದೆ, ಕೇಳುವವನ ಸಹನೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ‘ಅದೇ ಮಾತು ಏಕೆ ಮತ್ತೆ?’ ಎಂದು ಮಧ್ಯದ ಎರಡು ಆವೃತ್ತಿಗಳನ್ನು ಕತ್ತರಿಸಿದವನು ಅರ್ಥವನ್ನು ಉಳಿಸಿ ಹಾಸ್ಯವನ್ನು ಕೊಂದಂತಾಗುವುದು.

ಜಪಾನಿನ ಹಾಸ್ಯದಲ್ಲಿಯೂ ಇಂಥ ಜೋಡಿಯೇ ಇದೆ. ‘ಮಾನ್‌ಜಾಯಿ’ ಎಂಬ ಅವರ ಜೋಡಿ ಹಾಸ್ಯದಲ್ಲಿ ಒಬ್ಬನು ಪೆದ್ದ. ಅವನನ್ನು ‘ಬೊಕೆ’ ಎನ್ನುವರು. ಇನ್ನೊಬ್ಬನು ತಿದ್ದುವವನು, ಅವನು ‘ತ್ಸುಕ್ಕೊಮಿ’. ಪೆದ್ದನು ತಪ್ಪು ನುಡಿದೊಡನೆ ತಿದ್ದುವವನು ಗದರುವನು, ಕೆಲವೊಮ್ಮೆ ತಲೆಗೊಂದು ತಟ್ಟುವನು. ಶಿನ್-ಚಾನನ ಮನೆಯಲ್ಲಿ ಶಿನ್-ಚಾನನೇ ಪೆದ್ದ, ತಾಯಿ ಮಿಸಾಯೆ ತಿದ್ದುವವಳು. ಹುಡುಗನು ಹೊರಗಿನಿಂದ ಮನೆಗೆ ಬಂದಾಗ, ಬಂದವನು ಹೇಳಬೇಕಾದ ಮಾತನ್ನು ಬಿಟ್ಟು ಮನೆಯಲ್ಲಿರುವವರು ಹೇಳಬೇಕಾದ ಸ್ವಾಗತದ ಮಾತನ್ನು ತಾನೇ ಹೇಳುತ್ತಾನೆ. ನಮ್ಮಲ್ಲಿ ಹೊರಡುವ ಮಗು ‘ಹೋಗಿ ಬರುತ್ತೇನೆ’ ಎನ್ನುವುದಕ್ಕೆ ಬದಲಾಗಿ ತಾಯಿಗೇ ‘ಹೋಗಿ ಬನ್ನಿ’ ಎಂದ ಹಾಗೆ. ತಾಯಿ ತಿದ್ದುತ್ತಾಳೆ, ಮರುದಿನ ಮತ್ತೆ ಅದೇ. ಈ ನಿರುಪದ್ರವಿ ನಗೆಯಲ್ಲಿ ಕತ್ತರಿಗೆ ಕೆಲಸವಿಲ್ಲ. ಆದರೆ ಬೇರೆಡೆಗಳಲ್ಲಿ ತಿದ್ದುವ ಕ್ರಿಯೆ ಮುಷ್ಟಿಯ ಗುದ್ದಾಗಿರುತ್ತದೆ, ಪೆದ್ದನ ತಪ್ಪು ಬೆತ್ತಲೆ ಕುಣಿತವಾಗಿರುತ್ತದೆ. ಕತ್ತರಿ ಬೀಳುವುದು ಅಲ್ಲಿಯೇ.

ಇನ್ನು ಕಾಲದ ಲೆಕ್ಕ. ಚಲಿಸುವ ಚಿತ್ರದಲ್ಲಿ ಒಂದು ಸೆಕೆಂಡಿಗೆ ೨೪ ಚೌಕಟ್ಟುಗಳು. ಅಷ್ಟನ್ನೂ ಬೇರೆಬೇರೆಯಾಗಿ ಬರೆಯುವುದು ದುಬಾರಿಯಾದುದರಿಂದ, ಜಪಾನಿನವರು ಒಂದೊಂದು ಚಿತ್ರವನ್ನು ಮೂರು ಚೌಕಟ್ಟುಗಳ ಕಾಲ ನಿಲ್ಲಿಸಿ ಸೆಕೆಂಡಿಗೆ ಎಂಟೇ ಚಿತ್ರಗಳಲ್ಲಿ ಕೆಲಸ ಪೂರೈಸುವ ಕ್ರಮವನ್ನು ಬೆಳೆಸಿದರು. ೧೯೬೩ರ ಜನವರಿ ೧ರಂದು ಒಸಾಮು ತೆಜುಕಾ ಅವರ ‘ತೆತ್ಸುವಾನ್ ಆಟಮ್’ ಆರಂಭವಾದಂದಿನಿಂದ ಈ ಮಿತವ್ಯಯದ ಪದ್ಧತಿ ಟಿ.ವಿ.ಯಲ್ಲಿ ಬೇರೂರಿತು. ಚಿತ್ರ ಕಡಮೆಯಾದಂತೆ ಅವರು ಅಲುಗಾಡದ ಚಿತ್ರದಿಂದಲೇ ಪರಿಣಾಮ ಬರಿಸಲು ಕಲಿತರು. ಎಲ್ಲರೂ ಸ್ತಬ್ಧರಾಗಿ ನಿಲ್ಲುವುದು, ಗಾಳಿಯ ಸದ್ದು ಮಾತ್ರ ಕೇಳುವುದು, ಬಳಿಕ ಒಂದೇ ಏಟಿಗೆ ಎಲ್ಲವೂ ಸಿಡಿಯುವುದು. ಈ ಬಿಡುವಿಗೆ ಅವರ ಭಾಷೆಯಲ್ಲಿ ‘ಮಾ’ ಎಂದು ಹೆಸರು. ಅರ್ಧ ಸೆಕೆಂಡೆಂದರೆ ೧೨ ಚೌಕಟ್ಟು. ಕತ್ತರಿ ಹಿಡಿದವನಿಗೆ ಅದು ಏನೂ ಅಲ್ಲ; ಹಾಸ್ಯಕ್ಕೆ ಅದೇ ಜೀವ.

೩. ಕತ್ತರಿಯ ಬಗೆಗಳು

ಪ್ರಸಾರ ನಿಯಂತ್ರಣವೆಂದರೆ ಕತ್ತರಿಸುವುದೊಂದೇ ಅಲ್ಲ. ಅದರಲ್ಲಿ ಕನಿಷ್ಠ ಆರು ಬಗೆಗಳುಂಟು. ಪ್ರತಿಯೊಂದರ ಪರಿಣಾಮವೂ ಬೇರೆ.

ಮೊದಲನೆಯದು, ದೃಶ್ಯದ ತುಂಡನ್ನು ತೆಗೆಯುವುದು. ಇದರಿಂದ ಪೀಠಿಕೆಯೋ ಪೆಟ್ಟೋ ಲೋಪವಾಗುತ್ತದೆ. ಹಿನ್ನೆಲೆಯ ಸಂಗೀತವನ್ನು ಚಿತ್ರದೊಡನೆಯೇ ಕತ್ತರಿಸಿದರೆ ರಾಗ ನಡುವೆ ಎಗರುತ್ತದೆ. ಮಗುವಿನ ಕಿವಿಗೂ ಅದು ತಿಳಿಯುತ್ತದೆ. ಸಂಗೀತ ಮತ್ತು ಸದ್ದುಗಳ ಪಥವು ಮಾತಿನ ಪಥದಿಂದ ಬೇರೆಯಾಗಿ ದೊರೆತರೆ ಜಾಣನಾದ ಸಂಕಲನಕಾರನು ಹೊಲಿಗೆ ಕಾಣದಂತೆ ಜೋಡಿಸಬಲ್ಲನು.

ಎರಡನೆಯದು, ಮುಚ್ಚುವುದು. ಚೌಕುಳಿಗಳಿಂದ ಮಸುಕು ಮಾಡುವುದು, ಕಪ್ಪು ಪಟ್ಟಿ ಹಾಕುವುದು, ಹಬೆ ಅಥವಾ ಬೆಳಕಿನ ಕೋಲು ಅಡ್ಡ ಬರುವಂತೆ ಬರೆಯುವುದು ಇದರ ಪ್ರಕಾರಗಳು. ಇದರಲ್ಲಿ ಕಾಲ ಕಡಮೆಯಾಗದ ಕಾರಣ ಲಯ ಉಳಿಯುತ್ತದೆ. ಆದರೆ ಮುಚ್ಚಿದ್ದರಿಂದ ಕುತೂಹಲ ಹೆಚ್ಚುತ್ತದೆ. ಅಲ್ಲಿ ಇದ್ದುದು ಅಲ್ಪವಾದರೂ ಕಲ್ಪನೆಯಲ್ಲಿ ಬೆಳೆಯುತ್ತದೆ. ಜಪಾನಿನ ‘ಗಿಂತಾಮಾ’ದಂತಹ ಹಾಸ್ಯಕಥೆಗಳಲ್ಲಿ ಈ ಮಸುಕನ್ನೇ ಒಂದು ಹಾಸ್ಯವನ್ನಾಗಿ ಬಳಸಿಕೊಂಡರು.

ಮೂರನೆಯದು, ಸದ್ದನ್ನು ಅಡಗಿಸುವುದು. ನಾಲ್ಕನೆಯದು, ಚಿತ್ರವನ್ನೇ ತಿದ್ದಿ ಬರೆಯುವುದು. ೨೦೦೪ರಲ್ಲಿ ಅಮೆರಿಕದಲ್ಲಿ ಪ್ರಸಾರವಾದ ‘ವನ್ ಪೀಸ್’ ಎಂಬ ಕಡಲ ಸಾಹಸ ಕಥೆಯಲ್ಲಿ ಅಡುಗೆಯವನ ಬಾಯಲ್ಲಿದ್ದ ಸಿಗರೇಟನ್ನು ಅಳಿಸಿ ಕಡ್ಡಿಮಿಠಾಯಿಯನ್ನು ಇಟ್ಟರು. ಗಂಭೀರನಾಗಿ ಕಾಣಬೇಕಾದ ವ್ಯಕ್ತಿ ಮಗುವಿನಂತೆ ಕಂಡನು. ಇಲ್ಲದ ಕಡೆ ನಗೆ ಹುಟ್ಟಿತು.

ಐದನೆಯದು, ಮಾತು ಬದಲಿಸುವುದು. ಅದೇ ದೇಶದಲ್ಲಿ ‘ಪೋಕೆಮಾನ್’ ಕಥೆಯ ಅನ್ನದ ಉಂಡೆಯನ್ನು ಸಿಹಿತಿಂಡಿಯೆಂದು ಕರೆದುದು ಪ್ರಸಿದ್ಧವಾಗಿದೆ. ಕಣ್ಣಿಗೆ ಅನ್ನ, ಕಿವಿಗೆ ತಿಂಡಿ. ತಂದೆ ಕುಡಿಯುವ ಬಿಯರನ್ನು ಹಣ್ಣಿನ ರಸವೆಂದು ಹೇಳಿಸಿದರೆ, ಹಣ್ಣಿನ ರಸ ಕುಡಿದು ತಂದೆ ತೂರಾಡುವುದೇಕೆ ಎಂಬುದು ಮಗುವಿಗೆ ಒಗಟಾಗಿ ಉಳಿಯುವುದು. ಇದಲ್ಲದೆ ಹೊಸ ಮಾತು ಹಳೆಯ ತುಟಿಯ ಚಲನೆಯ ಕಾಲದೊಳಗೇ ಮುಗಿಯಬೇಕು. ಮೂರಕ್ಷರದ ಬೈಗುಳಿಗೆ ಹತ್ತಕ್ಷರದ ಉಪದೇಶವನ್ನು ತುರುಕಿದರೆ ಮಾತು ಓಡುತ್ತದೆ, ತಡೆ ಮಾಯವಾಗುತ್ತದೆ.

ಆರನೆಯದು, ಇಡೀ ಕಂತನ್ನೇ ಬಿಡುವುದು, ಅಥವಾ ಪ್ರಸಾರದ ವೇಳೆಯನ್ನು ಬದಲಿಸುವುದು. ಹೊರನೋಟಕ್ಕೆ ಇದು ಕಠಿಣವಾದರೂ ಕಥೆಯ ಅಂಗಭಂಗ ಮಾಡದಿರುವುದು ಇದೊಂದೇ.

ಕಥೆಯ ನಡೆಯ ಮೇಲೆ ಆಗುವ ಒಟ್ಟು ಪರಿಣಾಮಕ್ಕೆ ಒಂದು ಅಂಕಿಯನ್ನು ಹೇಳಬಹುದು. ‘ಡ್ರಾಗನ್ ಬಾಲ್ ಜ಼ೀ’ ಎಂಬ ಕಾಳಗದ ಕಥೆಯನ್ನು ಅಮೆರಿಕದಲ್ಲಿ ೧೯೯೬ರಿಂದ ಪ್ರಸಾರ ಮಾಡುವಾಗ ಮೊದಲ ೬೭ ಕಂತುಗಳನ್ನು ಕತ್ತರಿಸಿ ೫೩ಕ್ಕೆ ಇಳಿಸಿದರು. ಐದರಲ್ಲಿ ಒಂದು ಪಾಲು ಹೋಯಿತು. ರಕ್ತದ ಜೊತೆಗೆ ವಿನೋದದ ಬಿಡುವುಗಳೂ ಹೋದವು. ಕತ್ತರಿಯಿಂದ ಯಾವಾಗಲೂ ಕೇಡೇ ಎಂದು ಹೇಳಲಾಗದು. ಅದೇ ಕಥೆಯನ್ನು ೨೦೦೯ರಲ್ಲಿ ಜಪಾನಿನ ನಿರ್ಮಾಪಕರೇ ಅನಾವಶ್ಯಕ ಲಂಬನೆಗಳನ್ನು ತೆಗೆದು ‘ಕಾಯ್’ ಎಂಬ ಹೆಸರಿನಲ್ಲಿ ಸಂಕ್ಷೇಪಿಸಿದಾಗ ನೋಡುಗರು ಮೆಚ್ಚಿದರು. ಅಲ್ಲಿ ಕತ್ತರಿಯು ಲಯವನ್ನು ನೋಡಿ ನಡೆಯಿತು. ಇಲ್ಲಿ ಭಯವನ್ನು ನೋಡಿ ನಡೆಯಿತು.

ಕಂಬಂ ಕಣಿವೆಯ ದ್ರಾಕ್ಷಿಯ ತೋಟವನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬಳ್ಳಿಯನ್ನು ಸವರದಿದ್ದರೆ ಸೊಪ್ಪು ಬೆಳೆಯುವುದೇ ಹೊರತು ಹಣ್ಣು ಬರುವುದಿಲ್ಲ. ಆದರೆ ಸವರುವವನಿಗೆ ಕಣ್ಣು ಎಲ್ಲಿದೆ, ಗಿಣ್ಣು ಎಲ್ಲಿದೆ ಎಂಬುದು ತಿಳಿದಿರಬೇಕು. ಫಲ ಬಿಡುವ ಕಣ್ಣನ್ನೇ ಕತ್ತರಿಸಿದರೆ ಬಳ್ಳಿ ಚೊಕ್ಕಟವಾಗಿ ಕಾಣುವುದು, ಗೊಂಚಲು ಮಾತ್ರ ಇರುವುದಿಲ್ಲ.

೪. ಜಪಾನಿನಲ್ಲಿಯ ನಿಯಂತ್ರಣ

ಈ ಚಿತ್ರಗಳು ತವರಿನಲ್ಲಿ ಸ್ವೇಚ್ಛೆಯಾಗಿದ್ದು, ಹೊರಗೆ ಬಂದಾಗ ಮಾತ್ರ ಕತ್ತರಿಗೆ ಸಿಕ್ಕುತ್ತವೆ ಎಂದು ಕೆಲವರು ಭಾವಿಸುವರು. ಅದು ಸರಿಯಲ್ಲ. ೧೯೯೭ರ ಡಿಸೆಂಬರ್ ೧೬ರಂದು ‘ಪೋಕೆಮಾನ್’ ಕಥೆಯ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕುಗಳು ಅತಿವೇಗದಿಂದ ಮಿನುಗಿದವು. ನೋಡುತ್ತಿದ್ದ ಸುಮಾರು ೬೮೫ ಮಂದಿಯನ್ನು, ಹೆಚ್ಚಾಗಿ ಮಕ್ಕಳನ್ನು, ಆಸ್ಪತ್ರೆಗೆ ಸಾಗಿಸಬೇಕಾಯಿತು. ಪ್ರಸಾರವು ನಾಲ್ಕು ತಿಂಗಳು ನಿಂತು ೧೯೯೮ರ ಏಪ್ರಿಲ್‌ನಲ್ಲಿ ಮತ್ತೆ ಮೊದಲಾಯಿತು. ಬೆಳಕಿನ ಮಿನುಗು ಸೆಕೆಂಡಿಗೆ ಮೂರಕ್ಕಿಂತ ಹೆಚ್ಚಬಾರದು, ಅದರಲ್ಲಿಯೂ ಕೆಂಪಿನ ವಿಷಯದಲ್ಲಿ ಎಚ್ಚರ ಬೇಕು ಎಂಬ ನಿಯಮಗಳು ಬಂದವು. ಬೆಳಕಿರುವ ಕೋಣೆಯಲ್ಲಿ ಕುಳಿತು, ದೂರದಿಂದ ನೋಡಿರಿ ಎಂಬ ಸೂಚನೆ ಅಲ್ಲಿಯ ಕಾರ್ಯಕ್ರಮಗಳ ಮೊದಲಲ್ಲಿ ಕಾಣುವುದು ಈ ಕಾರಣದಿಂದ. ಅಂದಿನಿಂದ ಸ್ಫೋಟ, ಮಿಂಚು, ಹೊಡೆದಾಟಗಳ ವೇಗದ ದೃಶ್ಯಗಳನ್ನು ಮಂಕು ಮಾಡಿ, ಒಂದು ಚೌಕಟ್ಟನ್ನು ಇನ್ನೊಂದರೊಳಗೆ ಬೆರೆಸಿ ಪ್ರಸಾರ ಮಾಡುವ ರೂಢಿ ಬಂದಿತು. ಏಟಿನ ಚುರುಕು ಸ್ವಲ್ಪ ಕಡಮೆಯಾಯಿತೆಂಬುದು ನಿಜ. ಆದರೆ ಇದನ್ನು ಅನ್ಯಾಯವೆನ್ನಲು ಯಾವ ಉಪಾಧ್ಯಾಯನಿಗೂ ಬಾಯಿ ಬಾರದು. ಮಗುವಿನ ಶರೀರಕ್ಕೆ ಆಗುವ ಅಪಾಯದ ಮುಂದೆ ಹಾಸ್ಯದ ಲಯ ದೊಡ್ಡದಲ್ಲ.

೨೦೦೩ರಲ್ಲಿ ಅಲ್ಲಿಯ ಸಾರ್ವಜನಿಕ ಪ್ರಸಾರ ಸಂಸ್ಥೆಯೂ ಖಾಸಗಿ ಪ್ರಸಾರಕರ ಸಂಘವೂ ಸೇರಿ, ದೂರುಗಳನ್ನು ವಿಚಾರಿಸುವ ಸ್ವತಂತ್ರ ಮಂಡಲಿಯೊಂದನ್ನು ಸ್ಥಾಪಿಸಿದವು. ಸರಕಾರದ ಕತ್ತರಿಯ ಬದಲು ಪ್ರಸಾರಕರೇ ತಮ್ಮನ್ನು ತಿದ್ದಿಕೊಳ್ಳುವ ವ್ಯವಸ್ಥೆ ಇದು. ಹಾಸ್ಯಕ್ಕೆ ಇದರಲ್ಲಿಯೂ ಕಷ್ಟವಿಲ್ಲದಿಲ್ಲ. ೨೦೧೫ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಒಸೊಮಾತ್ಸು-ಸಾನ್’ ಎಂಬ ವಿಡಂಬನೆಯ ಮೊದಲ ಕಂತಿನಲ್ಲಿ ಬೇರೆ ಬೇರೆ ಪ್ರಸಿದ್ಧ ಕಥೆಗಳ ಅಣಕ ತುಂಬಿತ್ತು. ಆ ಕಂತನ್ನು ಪ್ರಸಾರವಾದ ಕೆಲವೇ ವಾರಗಳಲ್ಲಿ ಹಿಂತೆಗೆದರು. ಮುಂದೆ ಮಾರಾಟದ ತಟ್ಟೆಗಳಲ್ಲಿಯೂ ಅದು ಸೇರಲಿಲ್ಲ.

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಅಲ್ಲಿ ನಡುರಾತ್ರಿಯಲ್ಲಿ ಪ್ರಸಾರವಾಗುವ ಕೆಲವು ಕಥೆಗಳಲ್ಲಿ ಹಬೆ, ಬೆಳಕುಗಳಿಂದ ಮುಚ್ಚಿ, ಮುಚ್ಚದಿರುವ ಪ್ರತಿಯನ್ನು ತಟ್ಟೆಗಳಲ್ಲಿ ಮಾರುವ ವ್ಯಾಪಾರವೂ ಬೆಳೆಯಿತು. ಅಲ್ಲಿ ನಿಯಂತ್ರಣವೇ ಅಂಗಡಿಯ ಜಾಹೀರಾತಾಯಿತು. ಮುಚ್ಚಿದ ಮಾತ್ರಕ್ಕೆ ಶೀಲ ರಕ್ಷಣೆಯಾಯಿತೆಂದು ನಂಬಲಾಗದೆಂಬುದಕ್ಕೆ ಇದೇ ಸಾಕ್ಷಿ.

೫. ನಮ್ಮ ದೇಶದ ನಿಯಮಗಳು

ಭಾರತದಲ್ಲಿ ಚಲನಚಿತ್ರಕ್ಕೂ ಟಿ.ವಿ.ಗೂ ನಿಯಮ ಒಂದೇ ಅಲ್ಲ. ಚಲನಚಿತ್ರವು ೧೯೫೨ರ ಕಾಯಿದೆಯಂತೆ ತೆರೆಗೆ ಬರುವ ಮುನ್ನವೇ ಮಂಡಲಿಯ ಪ್ರಮಾಣಪತ್ರವನ್ನು ಪಡೆಯಬೇಕು. ಟಿ.ವಿ. ಕಾರ್ಯಕ್ರಮಕ್ಕೆ ಅಂಥ ಪೂರ್ವಪರೀಕ್ಷೆ ಇಲ್ಲ. ೧೯೯೫ರ ಕೇಬಲ್ ಟೆಲಿವಿಷನ್ ಜಾಲಗಳ ಕಾಯಿದೆಯೂ, ಅದರ ೧೯೯೪ರ ನಿಯಮಗಳಲ್ಲಿರುವ ಕಾರ್ಯಕ್ರಮ ಸಂಹಿತೆಯೂ ಪ್ರಸಾರಕರನ್ನು ಕಟ್ಟುತ್ತವೆ. ಸದಭಿರುಚಿಗೂ ಮರ್ಯಾದೆಗೂ ವಿರೋಧವಾದುದು ಕೂಡದು. ಮಕ್ಕಳ ಕಾರ್ಯಕ್ರಮದಲ್ಲಿ ಕೆಟ್ಟ ಮಾತಾಗಲಿ ಉಗ್ರ ಹಿಂಸೆಯ ದೃಶ್ಯವಾಗಲಿ ಇರಕೂಡದು. ಮಕ್ಕಳಿಗೆ ತಕ್ಕುದಲ್ಲದುದನ್ನು ಅವರು ಹೆಚ್ಚಾಗಿ ನೋಡುವ ವೇಳೆಯಲ್ಲಿ ಹಾಕಕೂಡದು ಎಂಬುದು ಅದರ ಸಾರ. ಮೀರಿದರೆ ಪ್ರಸಾರವನ್ನು ನಿಷೇಧಿಸುವ ಅಧಿಕಾರ ಸರಕಾರಕ್ಕಿದೆ. ೨೦೧೧ರಲ್ಲಿ ಪ್ರಸಾರಕರು ತಾವೇ ದೂರುಗಳ ಮಂಡಲಿಯೊಂದನ್ನು ಮಾಡಿಕೊಂಡರು; ೨೦೨೧ರಲ್ಲಿ ನಿಯಮಗಳಿಗೆ ತಿದ್ದುಪಡಿಯಾಗಿ ದೂರು ವಿಚಾರಣೆಗೆ ಮೂರು ಹಂತಗಳ ಕ್ರಮ ಬಂದಿತು.

ಶಿನ್-ಚಾನನ ವಿಷಯದಲ್ಲಿ ಈ ಅಧಿಕಾರ ಚಲಾವಣೆಯಾಯಿತು. ಪೋಷಕರ ಆಕ್ಷೇಪಗಳು ಬಂದಮೇಲೆ ೨೦೦೮ರಲ್ಲಿ ಪ್ರಸಾರ ನಿಂತಿತು. ೨೦೦೯ರಲ್ಲಿ ಕತ್ತರಿಯಾಡಿಸಿದ ರೂಪದಲ್ಲಿ ಮರಳಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಪೂರ್ವಪರೀಕ್ಷೆ ಇದ್ದಲ್ಲಿ ಎಷ್ಟು ಕತ್ತರಿಸಬೇಕೆಂಬುದನ್ನು ಒಬ್ಬರು ಹೇಳುವರು, ಇನ್ನೊಬ್ಬರು ವಾದಿಸುವರು. ಶಿಕ್ಷೆ ಮಾತ್ರ ಮುಂದೆ ಇದ್ದು ಗೆರೆ ಎಲ್ಲಿದೆಯೆಂದು ತಿಳಿಯದಿದ್ದಲ್ಲಿ, ಪ್ರಸಾರಕನು ಗೆರೆಯಿಂದ ನಾಲ್ಕು ಮಾರು ಹಿಂದೆಯೇ ನಿಲ್ಲುವನು. ಆದುದರಿಂದ ಭಯದಿಂದ ಮಾಡುವ ಸ್ವಯಂ-ಕತ್ತರಿ ನಿಯಮದ ಕತ್ತರಿಗಿಂತ ಉದ್ದವಾಗಿರುತ್ತದೆ.

ನಗೆಗೂ ಅಧಿಕಾರಕ್ಕೂ ಇರುವ ಈ ಜಗಳ ನಮ್ಮ ಪ್ರಾಂತಕ್ಕೆ ಹೊಸದಲ್ಲ. ಎಂ. ಆರ್. ರಾಧಾ ಅವರ ವಿಡಂಬನ ನಾಟಕಗಳು ಮದರಾಸು ಪ್ರಾಂತದಲ್ಲಿ ಕೋಲಾಹಲ ಎಬ್ಬಿಸಿದ ಕಾಲದಲ್ಲಿಯೇ, ೧೯೫೪ರಲ್ಲಿ, ನಾಟಕ ಪ್ರದರ್ಶನಗಳ ಕಾಯಿದೆ ಬಂದಿತು. ಅದನ್ನು ಮದರಾಸು ಉಚ್ಚ ನ್ಯಾಯಾಲಯವು ಸಂವಿಧಾನಕ್ಕೆ ವಿರೋಧವೆಂದು ತಳ್ಳಿಹಾಕಿದುದು ೨೦೧೩ರಲ್ಲಿ. ಶೋಕನಾಟಕವನ್ನು ಕಂಡು ಅಂಜದ ಅಧಿಕಾರವೂ ನಗೆಯನ್ನು ಕಂಡು ಅಂಜುತ್ತದೆ.

ಭಾಷೆಯ ಕಾರಣದಿಂದಲೂ ಪ್ರಸಾರ ನಿಂತ ನಿದರ್ಶನವುಂಟು. ೨೦೧೩ರಲ್ಲಿ ಬಾಂಗ್ಲಾದೇಶವು ಹಿಂದಿಯ ಮಾತಿನ ‘ಡೊರೆಮಾನ್’ ಚಿತ್ರವನ್ನು ನಿಲ್ಲಿಸಿತು. ಅಲ್ಲಿಯ ಮಕ್ಕಳು ಬಂಗಾಳಿಯನ್ನು ಬಿಟ್ಟು ಹಿಂದಿಯಾಡಲು ತೊಡಗಿದರೆಂಬುದು ಆಕ್ಷೇಪ. ಕನ್ನಡದಲ್ಲಿ ಇದಕ್ಕೆ ಬೇರೆ ರೂಪ. ಅನ್ಯಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಕೊಡುವುದನ್ನು ಕರ್ನಾಟಕದ ಚಿತ್ರೋದ್ಯಮದ ಸಂಘಗಳು ಬಹುಕಾಲ ತಡೆದಿದ್ದವು. ೨೦೧೫ರಲ್ಲಿ ಭಾರತ ಸ್ಪರ್ಧಾ ಆಯೋಗವು ಆ ತಡೆ ಸಲ್ಲದೆಂದು ನಿರ್ಣಯಿಸಿತು. ೨೦೦೯ರಲ್ಲಿ ಕನ್ನಡ ಮಕ್ಕಳಿಗಾಗಿ ‘ಚಿಂಟು’ ವಾಹಿನಿ ಆರಂಭವಾದುದು ಸಮಾಧಾನದ ಸಂಗತಿ. ಆದರೂ ನಮ್ಮ ಕಣಿವೆಯ ಕನ್ನಡದ ಮನೆಗಳಲ್ಲಿ ಮಕ್ಕಳ ಕಿವಿಗೆ ಹೆಚ್ಚಾಗಿ ಬೀಳುವುದು ತಮಿಳಿನ ಶಿನ್-ಚಾನನೇ.

೬. ಕತ್ತರಿಸಿದ ಮೇಲೆ ಉಳಿಯುವ ನೀತಿ

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಶಿನ್-ಚಾನನ ಒಂದು ಕಥೆ ಸುಮಾರು ಏಳು ನಿಮಿಷದ್ದು. ಮೂರು ಕಥೆಗಳು ಸೇರಿ ಒಂದು ಕಂತು. ಏಳು ನಿಮಿಷದಲ್ಲಿ ಹುಡುಗನು ಎದುರುತ್ತರ ಕೊಡುತ್ತಾನೆ, ತಾಯಿಯನ್ನು ನಾಲ್ವರ ಮುಂದೆ ನಾಚಿಸುತ್ತಾನೆ, ಕೊನೆಯಲ್ಲಿ ತಲೆಗೆ ಗುದ್ದು ತಿಂದು ಬೋರೆ ಎಬ್ಬಿಸಿಕೊಂಡು ಕುಳಿತುಕೊಳ್ಳುತ್ತಾನೆ. ಪೆದ್ದನ ತಪ್ಪು, ತಿದ್ದುವವಳ ಪೆಟ್ಟು, ಪೆಟ್ಟು ತಿಂದ ಮುಖ. ಹಾಸ್ಯದ ಚಕ್ರ ಪೂರ್ಣವಾಯಿತು.

ಹಿಂಸೆ ಕೂಡದೆಂಬ ನಿಯಮದಂತೆ ಇದರಲ್ಲಿ ಗುದ್ದನ್ನು ಮಾತ್ರ ತೆಗೆದರೆಂದು ಭಾವಿಸಿರಿ. ಉಳಿಯುವುದೇನು? ಎದುರುತ್ತರವು ಹಾಗೆಯೇ ಇದೆ, ಅದಕ್ಕೆ ಫಲವಿಲ್ಲ. ತಾಯಿ ಕೋಪಗೊಂಡಳು, ಮರುಕ್ಷಣ ಬೇರೆ ದೃಶ್ಯ. ನಗೆಯೂ ಪೂರ್ಣವಾಗಲಿಲ್ಲ, ನೀತಿಯೂ ಪೂರ್ಣವಾಗಲಿಲ್ಲ. ಕಾರಣ-ಕಾರ್ಯಗಳ ಸರಪಣಿ ಕಡಿದು, ಉದ್ಧಟತನವೊಂದೇ ಮಗುವಿನ ಮನಸ್ಸಿನಲ್ಲಿ ಉಳಿಯಿತು. ಮಕ್ಕಳ ರಕ್ಷಣೆಗಾಗಿ ಮಾಡಿದ ಕತ್ತರಿ ಕೆಟ್ಟುದನ್ನು ಉಳಿಸಿ ತಿದ್ದುವುದನ್ನು ತೆಗೆಯಿತು.

ಹಾಗಾದರೆ ಗುದ್ದನ್ನು ತೋರಿಸಬೇಕೇ ಎಂದು ಕೇಳಬಹುದು. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯ ೧೭ನೆಯ ವಿಧಿಯು ಶಾಲೆಯಲ್ಲಿ ಮಗುವನ್ನು ದಂಡಿಸುವುದನ್ನು ನಿಷೇಧಿಸಿದೆ. ಬೆತ್ತವನ್ನು ಕೆಳಗಿಟ್ಟ ನಾವು ಮುಷ್ಟಿಯನ್ನು ಹೊಗಳಲಾರೆವು. ದಂಡನೆಯೇ ಒಳ್ಳೆಯದೆಂದು ನನ್ನ ವಾದವಲ್ಲ. ಒಂದು ಹಾಸ್ಯವು ಮಕ್ಕಳಿಗೆ ತಕ್ಕುದಲ್ಲವೆಂದು ತೋರಿದರೆ ಆ ಏಳು ನಿಮಿಷವನ್ನು ಪೂರ್ತಿಯಾಗಿ ಬಿಡುವುದು, ಇಲ್ಲವೆ ದೊಡ್ಡವರ ವೇಳೆಗೆ ಸರಿಸುವುದು ಪ್ರಾಮಾಣಿಕವಾದ ಮಾರ್ಗ. ಅರ್ಧ ಉಳಿಸಿ ಅರ್ಧ ತೆಗೆಯುವುದು ವ್ಯಾಪಾರದ ಮಾರ್ಗ. ಬೆತ್ತಲೆ ಕುಣಿತದಂತಹವನ್ನು, ಕಥೆಯ ಗಿಣ್ಣು ನೋಡಿ, ಲಯ ಕೆಡದಂತೆ ಸವರಿದರೆ ಯಾರಿಗೂ ನಷ್ಟವಿಲ್ಲವೆಂಬುದನ್ನೂ ಒಪ್ಪಬೇಕು.

ಇದಲ್ಲದೆ ಕತ್ತರಿಗೆ ಎಂದೂ ಸಿಕ್ಕದ ವಸ್ತುವೊಂದಿದೆ. ಅದು ದನಿ. ಜಪಾನಿನಲ್ಲಿ ಅಕಿಕೊ ಯಾಜಿಮಾ ಎಂಬ ಕಲಾವಿದೆ ೧೯೯೨ರಿಂದ ೨೦೧೮ರವರೆಗೆ ಈ ಹುಡುಗನಿಗೆ ದನಿ ಕೊಟ್ಟರು. ಎಳೆದೆಳೆದು, ಉದಾಸೀನವಾಗಿ, ದೊಡ್ಡವರನ್ನು ಲೆಕ್ಕಿಸದಂತೆ ಆಡುವ ಆ ದನಿಯೇ ಪಾತ್ರದ ಜೀವ. ಬೇರೆ ಭಾಷೆಗಳಲ್ಲಿಯೂ ಕಲಾವಿದರು ಅದೇ ಧಾಟಿಯನ್ನು ಹಿಡಿದರು. ಮಕ್ಕಳು ಅನುಕರಿಸುವುದು ಕಥೆಯನ್ನಲ್ಲ, ಆ ಧಾಟಿಯನ್ನು. ಹುಬ್ಬು, ಮುಷ್ಟಿ, ಬಿಯರುಗಳನ್ನೆಲ್ಲ ತೆಗೆದರೂ ಧಾಟಿ ಹಾಗೆಯೇ ಮನೆಯೊಳಗೆ ಬರುತ್ತದೆ. ಪೋಷಕರ ದೂರಿನ ನಿಜವಾದ ವಸ್ತುವು ಅದೇ. ಯಾವ ಮಂಡಲಿಯ ಕತ್ತರಿಯೂ ಅದನ್ನು ತಲುಪಲಾರದು.

೭. ಪೋಷಕರು ಮಾಡಬಹುದಾದುದು

ತಲುಪಬಲ್ಲವರು ಮನೆಯವರು ಮಾತ್ರ. ಇದಕ್ಕೆ ಹಣವೂ ಬೇಡ, ವಿದ್ವತ್ತೂ ಬೇಡ. ಏಳು ನಿಮಿಷ ಬೇಕು. ದಿನಕ್ಕೊಂದು ಕಥೆಯನ್ನು ಮಗುವಿನ ಪಕ್ಕದಲ್ಲಿ ಕುಳಿತು ನೋಡಬೇಕು. ನಗು ಬಂದರೆ ನಗಬೇಕು. ಬಿಗುಮಾನದಿಂದ ಕುಳಿತವರ ಮುಂದೆ ಮಗು ಮನಸ್ಸು ಬಿಚ್ಚುವುದಿಲ್ಲ. ಮುಗಿದ ಮೇಲೆ ಮೂರು ಪ್ರಶ್ನೆಗಳನ್ನು ಕೇಳಬಹುದು. ನಿನಗೆ ನಗೆ ಬಂದುದು ಎಲ್ಲಿ? ಹಾಗೆ ನಮ್ಮ ಮನೆಯಲ್ಲಿ ನುಡಿದಿದ್ದರೆ ಅಮ್ಮನಿಗೆ, ಅಜ್ಜಿಗೆ ಏನನ್ನಿಸುತ್ತಿತ್ತು? ನಡುವೆ ಏನೋ ಬಿಟ್ಟುಹೋದಂತೆ ಕಂಡಿತೇ? ಈ ಮೂರನೆಯ ಪ್ರಶ್ನೆಗೆ ಮಕ್ಕಳು ಕೊಡುವ ಉತ್ತರ ಅನೇಕ ವೇಳೆ ಆಶ್ಚರ್ಯಕರ. ಕಡಿದ ಜಾಗವನ್ನು ಅವರು ನಮಗಿಂತ ಬೇಗ ಕಾಣುತ್ತಾರೆ. ಕಂಡ ಬಿರುಕನ್ನು ತುಂಬಿ ಹೇಳಲು ಹಚ್ಚಿದರೆ ಅದೇ ಒಂದು ಕಥಾರಚನೆಯ ಪಾಠವಾಗುವುದು.

ಎರಡನೆಯದಾಗಿ, ನೋಡಿದ ಕಥೆಯನ್ನು ಊಟದ ಹೊತ್ತಿನಲ್ಲಿ ಕನ್ನಡದಲ್ಲಿ ಹೇಳಿಸಿರಿ. ತಮಿಳಿನಲ್ಲಿ ಕೇಳಿದ ಹಾಸ್ಯವನ್ನು ಕನ್ನಡದಲ್ಲಿ ಹೇಳಿ ನಗಿಸಬೇಕಾದರೆ ಮಗು ಕನ್ನಡದ ಪೀಠಿಕೆಯನ್ನೂ, ಕನ್ನಡದ ತಡೆಯನ್ನೂ, ಕನ್ನಡದ ಪೆಟ್ಟನ್ನೂ ಹುಡುಕಬೇಕಾಗುವುದು. ಅಜ್ಜಿಯ ಬಾಯಲ್ಲಿ ಮಾತ್ರ ಉಳಿದಿರುವ ನಮ್ಮ ಮನೆಮಾತಿನ ಎಷ್ಟೋ ಪದಗಳು ಹೀಗೆ ಮೊಮ್ಮಗನ ನಾಲಗೆಗೆ ಬರಬಹುದು. ಎರಡು ಭಾಷೆಗಳಲ್ಲಿಯೂ ನಗಬಲ್ಲ ಮಗುವಿಗೆ ಒಂದರ ಮೇಲೆ ಪ್ರೀತಿ, ಇನ್ನೊಂದರ ಮೇಲೆ ನಾಚಿಕೆ ಎಂಬುದು ಇರುವುದಿಲ್ಲ.

ಮೂರನೆಯದಾಗಿ, ಮಗುವಿಗೆ ತಕ್ಕುದಲ್ಲವೆಂದು ನಿಜವಾಗಿ ತೋರಿದುದನ್ನು ಮುಚ್ಚಿಡದೆ, ಕಾರಣ ಹೇಳಿ ನಿಲ್ಲಿಸಿರಿ. ಗುಟ್ಟಾಗಿ ಕಡಿದುದು ಕುತೂಹಲವನ್ನು ಬೆಳೆಸುವುದೆಂಬುದನ್ನು ಮೇಲೆ ಕಂಡೆವು. ಕಾರಣ ಹೇಳಿ ನಿಲ್ಲಿಸಿದುದು ವಿವೇಕವನ್ನು ಬೆಳೆಸುವುದು. ದೂರು ಕೊಡಬೇಕೆಂದಿದ್ದರೆ ಪ್ರಸಾರಕರಿಗೆ ಬರೆಯುವ ಹಕ್ಕು ನಿಮಗಿದೆ. ಆಗ ‘ಈ ಕಾರ್ಯಕ್ರಮ ಕೆಟ್ಟದು’ ಎಂದು ಬರೆಯುವುದಕ್ಕಿಂತ, ಯಾವ ದಿನ, ಯಾವ ವೇಳೆ, ಯಾವ ಕಥೆ, ಯಾವ ಮಾತು ಎಂದು ಸ್ಪಷ್ಟವಾಗಿ ಬರೆಯುವುದು ಉತ್ತಮ. ಅಸ್ಪಷ್ಟವಾದ ದೂರಿನಿಂದ ಭಯ ಹುಟ್ಟಿ ಕತ್ತರಿ ಎಲ್ಲೆಂದರಲ್ಲಿ ಆಡುವುದು. ಸ್ಪಷ್ಟವಾದ ದೂರಿನಿಂದ ಅದು ಬೇಕಾದ ಕಡೆ ಮಾತ್ರ ಆಡುವುದು.

ಈ ಹುಡುಗನು ನಮ್ಮ ಮಕ್ಕಳನ್ನು ಬಿಟ್ಟುಹೋಗುವ ಲಕ್ಷಣವೇನೂ ಇಲ್ಲ. ೨೦೨೫ರಲ್ಲಿ ಜಪಾನಿನಲ್ಲಿ ತೆರೆಕಂಡ ಅವನ ಚಲನಚಿತ್ರದ ಕಥೆ ಭಾರತದಲ್ಲಿಯೇ ನಡೆಯುವುದು. ಅವನ ಹಿಂದೆ ಇನ್ನೂ ಅನೇಕರು ಬರುವರು. ಅವರಲ್ಲಿ ಪ್ರತಿಯೊಬ್ಬರನ್ನೂ ಬಾಗಿಲಲ್ಲಿ ತಡೆಯಲು ಆಗದು, ತಡೆಯಬೇಕಾಗಿಯೂ ಇಲ್ಲ. ಒಳ್ಳೆಯ ನಗೆಗೂ ಕೆಟ್ಟ ನಗೆಗೂ ಇರುವ ಭೇದವನ್ನು ಮಗು ತಾನೇ ಕಂಡುಕೊಳ್ಳುವಂತೆ ಮಾಡುವುದು ಶಾಲೆ ಮತ್ತು ಮನೆಗಳ ಜಂಟಿ ಕರ್ತವ್ಯ. ಶಾಲೆ ತನ್ನ ಪಾಲನ್ನು ಮಾಡಲು ಸಿದ್ಧವಿದೆ. ಪೋಷಕ ಮಹನೀಯರೂ ತಾಯಂದಿರೂ ದಿನಕ್ಕೆ ಆ ಏಳು ನಿಮಿಷಗಳನ್ನು ಕೊಡುವರೆಂದು ನಂಬಿದ್ದೇನೆ.